ಕಡಲು ದಾಟಿ ಬಂದ ಪಾದ್ರಿ

ಕಾಯಿಲೆ ಜೋರಾದರೆ ಘಟ್ಟ ಇಳಿದು ಮಂಗಳೂರಿಗೆ ಹೋಗುವುದು ನಮ್ಮ ಮಲೆನಾಡಿನವರ ರೂಢಿ. ಬಂಧುವೊಬ್ಬರನ್ನು ನೋಡಲು ಶಿವಮೊಗ್ಗದಿಂದ ಆಗುಂಬೆ ಮಾರ್ಗವಾಗಿ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಗೆ ಹೋಗಿ ಬಂದಾಗಿನಿಂದ, ಆ ಹೆಸರಿನ ಮನುಷ್ಯನ ಬಗ್ಗೆಯೇ ಯೋಚಿಸುತ್ತಿದ್ದೇನೆ.

ಜರ್ಮನಿಯಲ್ಲಿ ಹುಟ್ಟಿದ ಆಗಸ್ಟಸ್ ಮುಲ್ಲರ್, ಜೆಸ್ವಿಟ್ ಎಂದು ಕರೆಯುವ ಕ್ಯಾಥೊಲಿಕ್ ಧಾರ್ಮಿಕ ಸಂಘವಾದ ಯೇಸುಸಭೆಯ ಪಾದ್ರಿ. 1540ರಲ್ಲಿ ಪೋಪರ ಮನ್ನಣೆ ಪಡೆದ ಈ ಸಭೆಯ ಹಿರಿಯ ವ್ರತಧಾರಿಗಳು, ಪೋಪರು ಎಲ್ಲಿಗೆ ಕಳುಹಿಸಿದರೂ ಹೋಗುವೆವೆಂಬ ಪ್ರತ್ಯೇಕ ವ್ರತವನ್ನೂ ಸ್ವೀಕರಿಸುತ್ತಾರೆ. 1542ರಲ್ಲಿ ಫ್ರಾನ್ಸಿಸ್ ಜೇವಿಯರ್ ಗೋವೆಗೆ ಬಂದದ್ದು ಈ ಪರಂಪರೆಯ ಆರಂಭದಲ್ಲಿ. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಮುಲ್ಲರ್, 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡತೊಡಗಿ, 1890ರಲ್ಲಿ ಕುಷ್ಠರೋಗಿಗಳಿಗೊಂದು ಆಶ್ರಯವನ್ನೂ ಕಟ್ಟಿದರು. ಆ ರೋಗ ಬಂದವರನ್ನು ಮನೆಯವರೇ ದೂರವಿಡುತ್ತಿದ್ದ ಕಾಲವದು ಎಂಬುದನ್ನು ನಾವು ಮರೆಯಬಾರದು.

ಮತಪ್ರಚಾರದ ಬಗ್ಗೆ ಭಿನ್ನಾಭಿಪ್ರಾಯಗಳಿರುವುದು ಸಹಜ, ಆ ಚರ್ಚೆ ನಡೆಯಲೂ ಬೇಕು; ಆದರೆ ಗುರುತಿಲ್ಲದ ಊರಿಗೆ ಬಂದು, ಯಾರೂ ಮುಟ್ಟದವರ ಗಾಯ ತೊಳೆಯುವ ಕೆಲಸಕ್ಕೆ ನಿಂತವರನ್ನು ನಾನು ಮನಸಾರೆ ಗೌರವಿಸುತ್ತೇನೆ. ಈಗ ಭಾರತದ ಯೇಸುಸಭೆಯವರೇ ಆಫ್ರಿಕಾದ ದೇಶಗಳಿಗೆ ಸೇವೆಗೆ ಹೋಗುತ್ತಾರೆ. ಅವರಲ್ಲಿ ನಮ್ಮ ಮಲೆನಾಡಿನವರು ಯಾರಾದರೂ ಇದ್ದರೆ, ಅಲ್ಲಿನ ಭಾಷೆಯನ್ನು ಅವರು ಹೇಗೆ ಕಲಿತರೆಂದು ಕೇಳುವ ಆಸೆ ನನಗಿದೆ.