ಡಾನ್‌ಕಾಸ್ಟರ್‌ಗೆ ಬಂದ ಗ್ರೀಸ್ ಹುಡುಗರು

ಅಥೆನ್ಸ್‌ನ ಕೆಲವು ಹುಡುಗರು ಪೊಲೀಸರ ಕಣ್ಣು ತಪ್ಪಿಸಿ ರಗ್ಬಿಯದೇ ಒಂದು ಬಗೆಯಾದ ರಗ್ಬಿ ಲೀಗ್ ಆಡುತ್ತಿದ್ದರು. ಮೈದಾನ ಯಾವುದು ಅಂತ ಕೊನೇ ಗಳಿಗೆಯವರೆಗೂ ಹೊರಗೆ ಹೇಳುತ್ತಿರಲಿಲ್ಲ. ಮಧ್ಯರಾತ್ರಿ ಆಟ ಇಟ್ಟುಕೊಂಡದ್ದೂ ಉಂಟು. ಅವರು ಯಾವ ತಪ್ಪೂ ಮಾಡಿರಲಿಲ್ಲ. ಹಳೆಯ ಫೆಡರೇಶನ್ ಅನ್ನು ಯುರೋಪಿನ ರಗ್ಬಿ ಲೀಗ್ ಸಂಸ್ಥೆ ಹೊರಗೆ ಹಾಕಿದ ಮೇಲೆ ಆಟಗಾರರೇ ಸೇರಿ ಹೊಸ ಸಂಘ ಕಟ್ಟಿಕೊಂಡಿದ್ದರು. ಆದರೆ ಈ ಆಟದ ಹಕ್ಕು ತನ್ನದು ಅಂತ ಅಲ್ಲಿನ ಮಾಡರ್ನ್ ಪೆಂಟಾಥ್ಲಾನ್ (ಐದು ಕ್ರೀಡೆಗಳ ಸ್ಪರ್ಧೆ) ಫೆಡರೇಶನ್ ಪಟ್ಟು ಹಿಡಿದಿತ್ತು. ಹೊಸ ಸಂಘದ ಪಂದ್ಯ ಎಲ್ಲಿ ನಡೆದರೂ ಪೊಲೀಸರು ಬರುವ ಭಯ ಇದ್ದೇ ಇತ್ತು.

2019ರ ನವೆಂಬರ್‌ನಲ್ಲಿ ವಿಶ್ವಕಪ್ ಅರ್ಹತಾ ಪಂದ್ಯಗಳನ್ನೂ ತಮ್ಮ ನೆಲದಲ್ಲಿ ಆಡಲಾಗದೆ ಲಂಡನ್‌ನಲ್ಲಿ ಆಡಿದರು. ನಾರ್ವೆಯನ್ನು ಸೋಲಿಸಿದರು. ಸರ್ಬಿಯಾವನ್ನು 82–6ರಿಂದ ಸೋಲಿಸಿದರು. ಹಾಗೆ ಗ್ರೀಸ್ ಮೊದಲ ಸಲ ವಿಶ್ವಕಪ್‌ಗೆ ಬಂತು. ಹೊಸ ಸಂಘಕ್ಕೆ ಗ್ರೀಸ್ ಸರ್ಕಾರದ ಮಾನ್ಯತೆ ಸಿಕ್ಕಿದ್ದು 2022ರಲ್ಲಿ. ಕೋವಿಡ್‌ನಿಂದ ಒಂದು ವರ್ಷ ಮುಂದೆ ಹೋಗಿದ್ದ ವಿಶ್ವಕಪ್ ಅದೇ ವರ್ಷ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಲ್ಲಿ ಶುರುವಾಯಿತು.

ನಾನಾಗ ಕೆಲಸದ ಮೇಲೆ ಲೀಡ್ಸ್‌ನಲ್ಲಿದ್ದೆ. ಈ ಕತೆ ಓದಿದ ಮೇಲೆ ಮನೇಲಿ ಕೂರೋಕೆ ಮನಸ್ಸಾಗಲಿಲ್ಲ. ಫ್ರಾನ್ಸ್ ವಿರುದ್ಧದ ಮೊದಲ ಪಂದ್ಯ ಸೋಮವಾರ ಸಂಜೆ ಇತ್ತು, ಅದನ್ನು ಟಿವಿಯಲ್ಲಿ ನೋಡಿದೆ. ಗ್ರೀಸ್ 34–12ರಿಂದ ಸೋತಿತು. ಆದರೂ ಬೇರೆಲ್ಲರೂ ಹೆದರಿದ್ದಕ್ಕಿಂತ ಎಷ್ಟೋ ಚೆನ್ನಾಗಿ ಆಡಿತು ಅಂತ ನನಗನ್ನಿಸಿತು. ಪೆಸಿಫಿಕ್ ಸಾಗರದ ದ್ವೀಪರಾಷ್ಟ್ರ ಸಮೋವಾ ವಿರುದ್ಧ ಡಾನ್‌ಕಾಸ್ಟರ್‌ನಲ್ಲಿದ್ದ ಪಂದ್ಯಕ್ಕೆ ಪುತ್ತೂರಿನ ಗೆಳೆಯನೊಬ್ಬನನ್ನೂ ಕರೆದುಕೊಂಡು ಹೊರಟೆ.

ಅದು ಅಕ್ಟೋಬರ್ 23, ಭಾನುವಾರ. ಅವತ್ತೇ ಮೆಲ್ಬರ್ನ್‌ನಲ್ಲಿ ಪಾಕಿಸ್ತಾನದ ವಿರುದ್ಧ ಕೊಹ್ಲಿ 82 ಹೊಡೆದು ಕೊನೇ ಎಸೆತಕ್ಕೆ ಭಾರತ ಗೆದ್ದಿತ್ತು. ಇಬ್ಬರ ಗಂಟಲೂ ಕೂತುಹೋಗಿತ್ತು. ಅದೇ ಗುಂಗಿನಲ್ಲಿ ರೈಲು ಹತ್ತಿದೆವು.

ಡಾನ್‌ಕಾಸ್ಟರ್ ರೈಲಿನ ಊರು. ಫ್ಲೈಯಿಂಗ್ ಸ್ಕಾಟ್ಸ್‌ಮನ್, ಮಲ್ಲಾರ್ಡ್ ಎರಡೂ ಉಗಿಬಂಡಿಗಳು ಇಲ್ಲಿನ ಕಾರ್ಖಾನೆಯಲ್ಲೇ ತಯಾರಾದವು. ಸುತ್ತ ಕಲ್ಲಿದ್ದಲು ಗಣಿಗಳಿದ್ದವು, ಈಗ ಮುಚ್ಚಿವೆ. ಕೂಲಿ ಮಾಡುವವರ ಸೀಮೆ ಇದು, ರಗ್ಬಿ ಲೀಗ್ ಹುಟ್ಟಿದ್ದೂ ಇಂಥವರಿಂದಲೇ. ಗಣಿ ಮತ್ತು ಗಿರಣಿಯ ಕೆಲಸಗಾರ ಶನಿವಾರ ಆಡಲು ಹೋದರೆ ಆ ದಿನದ ಕೂಲಿ ಹೋಗುತ್ತಿತ್ತು. ಆ ಕೂಲಿ ತುಂಬಿಕೊಡಿ ಅಂದರೆ ರಗ್ಬಿಯ ದೊಡ್ಡವರು ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್‌ಗಳು ಸೇರಿ ಬೇರೆಯಾದವು. ಮುಂದೆ ನಿಯಮವೂ ಬದಲಾಯಿತು. ತಂಡಕ್ಕೆ 15ರ ಬದಲು 13 ಜನ. ಚೆಂಡು ಹಿಡಿದವನನ್ನು ಎದುರಾಳಿಗಳು ಹಿಡಿದು ನಿಲ್ಲಿಸುವುದು ಟ್ಯಾಕಲ್; ಆರು ಟ್ಯಾಕಲ್ ಆಗುವಷ್ಟರಲ್ಲಿ ಅಂಕ ಬರದಿದ್ದರೆ ಚೆಂಡು ಎದುರಾಳಿಗೆ. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಒಂದು ಟ್ರೈ, ಅದಕ್ಕೆ 4 ಅಂಕ, ಆಮೇಲಿನ ಕಿಕ್ ಸರಿಯಾದರೆ ಇನ್ನೆರಡು.

ಸ್ಟೇಡಿಯಂ ಊರ ಹೊರಗೆ, ಕೆರೆಯೊಂದರ ಹತ್ತಿರ. ದೊಡ್ಡದೇನಲ್ಲ. ಸಮೋವಾದ ಬಾವುಟಗಳು ಜಾಸ್ತಿ, ಗ್ರೀಸಿನ ನೀಲಿ ಬಿಳಿ ಅಲ್ಲಲ್ಲಿ. ನಮ್ಮ ಮುಂದಿನ ಸಾಲಿನಲ್ಲಿದ್ದ ವಯಸ್ಸಾದ ದಂಪತಿಗೆ ಯಾವ ತಂಡದ ನಂಟೂ ಇರಲಿಲ್ಲ. ಊರಿಗೆ ವಿಶ್ವಕಪ್ ಬಂದಿದೆ, ಅದಕ್ಕೇ ಬಂದೆವು ಅಂದರು. ಗ್ರೀಸ್ ಹುಡುಗರು ಚೆಂಡು ಹಿಡಿದು ನುಗ್ಗಿದಾಗಲೆಲ್ಲ ಎದ್ದು ನಿಂತು ಕೂಗುತ್ತಿದ್ದರು.

ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಗೆಳೆಯ ಅಂದ: "ಇದು ಕಬಡ್ಡಿಯೇ ಅಲ್ವಾ ಮಾರಾಯ! ಒಬ್ಬ ನುಗ್ಗುವುದು, ಮೂರು ಜನ ಸೇರಿ ಹಿಡಿಯುವುದು. ಕೈಯಲ್ಲೊಂದು ಚೆಂಡು ಕೊಟ್ಟಿದ್ದಾರೆ ಅಷ್ಟೆ." ಆಮೇಲೆ ಅವನಿಗೆ ನಾನು ಏನೂ ವಿವರಿಸಬೇಕಾಗಲಿಲ್ಲ.

ಸಮೋವಾ ತಂಡ ಅಂದರೆ ಸಾಮಾನ್ಯವೇ? ಜರೋಮ್ ಲುವಾಯಿ, ಸ್ಟೀಫನ್ ಕ್ರೈಟನ್ ಅಂಥವರು ಆ ತಿಂಗಳ ಮೊದಲ ವಾರಾಂತ್ಯದಲ್ಲಷ್ಟೇ ಪೆನ್ರಿತ್ ಕ್ಲಬ್ ಪರ ಆಸ್ಟ್ರೇಲಿಯಾದ ಲೀಗ್ ಗೆದ್ದು ಬಂದಿದ್ದರು. ಗ್ರೀಸ್ ತಂಡದಲ್ಲೂ ಆಸ್ಟ್ರೇಲಿಯಾದಲ್ಲಿ ಬೆಳೆದವರಿದ್ದರು. ಎರಡನೇ ಮಹಾಯುದ್ಧದ ನಂತರ ಸಾವಿರಾರು ಗ್ರೀಕ್ ಕುಟುಂಬಗಳು ಅಲ್ಲಿಗೆ ವಲಸೆ ಹೋದವು. ಅಜ್ಜ ಅಜ್ಜಿ ಹುಟ್ಟಿದ ದೇಶದ ಪರವಾಗಿ ಆಡಲು ನಿಯಮ ಅವಕಾಶ ಕೊಡುತ್ತದೆ. ಪೀಟರ್ ಮಮೂಝೆಲೊಸ್, ಲಾಕ್ಲನ್ ಇಲಿಯಾಸ್ ಹಾಗೆ ಬಂದವರು, ಇಬ್ಬರೂ ಆಗ ಸೌತ್ ಸಿಡ್ನಿ ಕ್ಲಬ್‌ನವರು. ಕೋಚ್ ಸ್ಟೀವ್ ಜಾರ್ಜಾಲಿಸ್ ಕೂಡ ಆಸ್ಟ್ರೇಲಿಯಾದವರೇ. ಇವರ ಪಕ್ಕದಲ್ಲಿ, ಗ್ರೀಸ್‌ನಲ್ಲೇ ಹುಟ್ಟಿ, ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡುತ್ತಾ ಆಡುವವರು. ನಾನು ಕಣ್ಣಲ್ಲಿ ಹುಡುಕುತ್ತಿದ್ದದ್ದು ಅವರನ್ನೇ. ದುಡ್ಡು ಬರದ, ಪೊಲೀಸರು ನಿಲ್ಲಿಸಬಹುದಾದ ಆಟವನ್ನು ಬಿಡದೆ ಆಡಿದವರು ಅವರು. ಅವರು ಅಲ್ಲಿ ಆಟವನ್ನು ಉಳಿಸಿಕೊಳ್ಳದಿದ್ದರೆ ಸಿಡ್ನಿಯ ಮೊಮ್ಮಕ್ಕಳು ಬಂದು ಸೇರಲು ಗ್ರೀಸ್ ಅನ್ನುವ ತಂಡವೇ ಇರುತ್ತಿರಲಿಲ್ಲ.

ಸಮೋವಾ 72–4ರಿಂದ ಗೆದ್ದಿತು. ಗ್ರೀಸಿಗೆ ಸಿಕ್ಕಿದ್ದು ಒಂದೇ ಟ್ರೈ. ಆಗ ಇಡೀ ಸ್ಟೇಡಿಯಂ ಎದ್ದು ಕೂಗಿತು, ಸಮೋವಾದವರೂ ಸೇರಿ.

ಮುಂದಿನ ಶನಿವಾರ ಶೆಫೀಲ್ಡ್‌ನ ಬ್ರಾಮಲ್ ಲೇನ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಗ್ರೀಸ್ ಪಂದ್ಯ. 1855ರಿಂದ ಇರುವ ಮೈದಾನ. 1902ರಲ್ಲಿ ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾ ಇಲ್ಲಿ ಟೆಸ್ಟ್ ಕ್ರಿಕೆಟ್ ಆಡಿದ್ದವು, ಇಲ್ಲಿ ನಡೆದ ಒಂದೇ ಟೆಸ್ಟ್ ಅದು. ಈ ಸಲ ಜನ ತುಂಬಾ ಬಂದಿದ್ದರು. ಇಂಗ್ಲೆಂಡ್ 94–4ರಿಂದ ಗೆದ್ದಿತು. ಟಾಮಿ ಮೇಕಿನ್ಸನ್ ಒಬ್ಬನೇ ಐದು ಟ್ರೈ ಹೊಡೆದ. ನೋಡೋಕೆ ಕಷ್ಟವಾಯಿತು, ನಿಜ. ಆದರೆ ಕೊನೆಯವರೆಗೂ ಗ್ರೀಸ್ ಹುಡುಗರು ಒಬ್ಬರ ಹಿಂದೊಬ್ಬರು ಬಿದ್ದು ಹಿಡಿಯುತ್ತಲೇ ಇದ್ದರು. ಪಂದ್ಯ ಮುಗಿದ ಮೇಲೆ ಇಂಗ್ಲಿಷ್ ಪ್ರೇಕ್ಷಕರು ಅವರಿಗೂ ಚಪ್ಪಾಳೆ ತಟ್ಟಿದರು.

ಇಂಥ ಅಂಕ ನೋಡಿ "ಇವರನ್ನೆಲ್ಲ ಯಾಕೆ ಕರೀತಾರೆ?" ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದೇ ವಿಶ್ವಕಪ್‌ನ ಮೊದಲ ದಿನ ಸಮೋವಾ ಇಂಗ್ಲೆಂಡ್ ಕೈಲಿ 60–6ರಿಂದ ಸೋತಿತ್ತು. ನಾಲ್ಕು ವಾರ ಕಳೆದು ಸೆಮಿಫೈನಲ್‌ನಲ್ಲಿ ಅದೇ ಇಂಗ್ಲೆಂಡನ್ನು 27–26ರಿಂದ ಮಣಿಸಿ ಫೈನಲ್‌ಗೆ ಹೋಯಿತು. ಸಮೋವಾದ ಜನಸಂಖ್ಯೆ ಸುಮಾರು 2 ಲಕ್ಷ. ಪ್ರತಿಭೆ ಇದ್ದರೆ ಸಾಲದು, ಮತ್ತೆ ಮತ್ತೆ ಆಡೋಕೆ ಸಿಗಬೇಕು. ಸಮೋವಾಗೆ ಅದು ದಶಕಗಳಿಂದ ಸಿಕ್ಕಿದೆ. ಗ್ರೀಸಿಗೆ ಸ್ವಂತ ನೆಲದಲ್ಲಿ ನೆಮ್ಮದಿಯಾಗಿ ಆಡುವ ಹಕ್ಕು ಸಿಕ್ಕಿದ್ದೇ ಆ ವರ್ಷ.

2026ರ ವಿಶ್ವಕಪ್‌ಗೆ ಪುರುಷರ ತಂಡಗಳನ್ನು 16ರಿಂದ 10ಕ್ಕೆ ಇಳಿಸಿದ್ದಾರೆ. ಗ್ರೀಸ್ ಅದರಲ್ಲಿಲ್ಲ. ನನಗೆ ಇದು ಸರಿಯಾದ ತೀರ್ಮಾನ ಅನ್ನಿಸುವುದಿಲ್ಲ. ಬ್ರಾಮಲ್ ಲೇನ್‌ನಲ್ಲಿ 94 ಅಂಕ ಬಿಟ್ಟುಕೊಟ್ಟ ಹುಡುಗರಿಗೆ ಬೇಕಾಗಿದ್ದದ್ದು ಇನ್ನಷ್ಟು ಪಂದ್ಯ. ಅಥೆನ್ಸ್‌ಗೆ ಹೋಗಿ, ಹಗಲು ಹೊತ್ತಲ್ಲಿ, ಬಾಗಿಲು ತೆರೆದ ಮೈದಾನದಲ್ಲಿ ಅವರ ಸ್ಥಳೀಯ ಪಂದ್ಯವೊಂದನ್ನು ನೋಡಬೇಕು ಅಂತಿದ್ದೇನೆ. ಗೆಳೆಯನೂ ಬರುತ್ತೇನೆ ಅಂದಿದ್ದಾನೆ.