ನಮ್ಮವರನ್ನೇ ಹೀಗೆ ಬರೆದ್ರೆ ಹೆಂಗೋ?

ಹೀಗೆ ಕೇಳಿದ್ದು ನಮ್ಮ ದೊಡ್ಡಪ್ಪ. ಅವರ ಕೈಯಲ್ಲಿ ನಾನು ಅಚ್ಚು ಹಾಕಿದ್ದ ವ್ಯಂಗ್ಯಚಿತ್ರ ಇತ್ತು. ಅಡಿಕೆ ಸುಲಿಯುವ ರಾತ್ರಿಯ ಚಿತ್ರ. ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತ ಹೆಂಗಸರು, ಜಗಲಿ ಮೇಲೆ ಒಬ್ಬ ಯಜಮಾನ, ಎಲೆಅಡಿಕೆಯ ಕವಳ ತುಂಬಿದ ಅವನ ಬಾಯಿ ಇಡೀ ಅಂಗಳದಷ್ಟು ದೊಡ್ಡದು, ಸುಲಿದ ಅಡಿಕೆಯೆಲ್ಲ ಉರುಳಿಕೊಂಡು ಆ ಬಾಯಿಯೊಳಗೇ ಹೋಗುತ್ತಿದೆ. ಆ ಯಜಮಾನ ದೊಡ್ಡಪ್ಪ ಅಲ್ಲ. ಆದರೆ ಜಗಲಿಯ ಕಂಬ ಮಾತ್ರ ತೀರ್ಥಹಳ್ಳಿ ಕಡೆಯ ನಮ್ಮ ಮನೆಯದ್ದೇ. ಅವರು ಅದನ್ನು ನೋಡಿದ ಕೂಡಲೇ ಗುರುತಿಸಿದರು.

ಆವತ್ತು ನನಗೆ ಉತ್ತರ ಹೊಳೆಯಲಿಲ್ಲ. ಈಗ ಬರೆಯುತ್ತಿದ್ದೇನೆ.

ಆ ಬಾಯಿ ನನಗೆ ಸಿಕ್ಕಿದ್ದು ಪ್ಯಾರಿಸ್ಸಿನಿಂದ. 1830ರಲ್ಲಿ ಅಲ್ಲಿ ಜನ ದಂಗೆ ಎದ್ದು ಹಳೇ ರಾಜನನ್ನು ಓಡಿಸಿದರು. ಲೂಯಿ ಫಿಲಿಪ್ ಪಟ್ಟಕ್ಕೆ ಬಂದ. ಪತ್ರಿಕೆಗಳಿಗೆ ಸ್ವಾತಂತ್ರ್ಯ ಕೊಡುತ್ತೇವೆ ಅಂತ ಮಾತೂ ಕೊಟ್ಟರು. ಮರುವರ್ಷವೇ ಒನೊರೆ ದೋಮಿಯೆ ಎಂಬ ಹುಡುಗ, ಇನ್ನೂ 23 ವರ್ಷ, ಆ ರಾಜನನ್ನು ದೈತ್ಯನ ಹಾಗೆ ಬರೆದ. ಕುರ್ಚಿಯಲ್ಲಿ ಕೂತಿದ್ದಾನೆ, ಬಾಯಿಯಿಂದ ನೆಲಕ್ಕೆ ಹಲಗೆ ಇಳಿಬಿಟ್ಟಿದೆ, ಬಡವರ ಹಣವನ್ನು ಬುಟ್ಟಿ ಬುಟ್ಟಿ ಹೊತ್ತು ತಂದು ಆ ಬಾಯಿಗೆ ಸುರಿಯುತ್ತಿದ್ದಾರೆ. ಇದಕ್ಕಾಗಿ ದೋಮಿಯೆ ಜೈಲಿಗೆ ಹೋದ. ಆರು ತಿಂಗಳ ಶಿಕ್ಷೆ. 1835ರಲ್ಲಿ ಹೊಸ ಕಾನೂನೇ ಬಂತು: ಬರಹಕ್ಕೆ ಬೇಡದ ಮುಂಗಡ ಪರವಾನಗಿ ಚಿತ್ರಕ್ಕೆ ಬೇಕು. ಓದಲು ಬಾರದವನಿಗೂ ಚಿತ್ರ ಅರ್ಥ ಆಗುತ್ತದಲ್ಲ, ಸರ್ಕಾರದವರ ಭಯ ಅದೇ. ದೋಮಿಯೆ ಬರೆದದ್ದು ತಾವೇ ದಂಗೆ ಎದ್ದು ತಂದ ರಾಜನನ್ನು. ನನಗೆ ಮುಖ್ಯ ಅನ್ನಿಸುವುದು ಅದು.

ಇನ್ನೊಬ್ಬ ಇದ್ದಾನೆ, ಲಂಡನ್ನಿನ ವ್ಯಂಗ್ಯಚಿತ್ರಕಾರ ಜೇಮ್ಸ್ ಗಿಲ್ರೇ. ಅವನ ಒಂದು ಚಿತ್ರ ನಮ್ಮ ಕನ್ನಡ ನಾಡಿನದ್ದೇ. 1791ರ ಮೇ ತಿಂಗಳಲ್ಲಿ, ಟಿಪ್ಪುವಿನ ಮೇಲೆ ಯುದ್ಧಕ್ಕೆ ಹೊರಟ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲವರೆಗೂ ಬಂದ. ಮಳೆ ಹಿಡಿಯಿತು. ಎತ್ತುಗಳು ಸತ್ತವು, ತಿನ್ನಲು ಇರಲಿಲ್ಲ, ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಾಕಿ ಬೆಂಗಳೂರಿಗೆ ವಾಪಸ್ ಹೋದ. ಸುದ್ದಿ ಹಡಗಿನಲ್ಲಿ ಲಂಡನ್ ಮುಟ್ಟಲು ತಿಂಗಳುಗಳೇ ಬೇಕು. ಡಿಸೆಂಬರ್ ಹೊತ್ತಿಗೆ ಗಿಲ್ರೇ ಚಿತ್ರ ಅಂಗಡಿಗೆ ಬಂತು. ಹೆಸರು 'ಮುಂಗಾರು ಶುರು, ಅಥವಾ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದ್ದು' ಅಂತ. ಟಿಪ್ಪು ಕೋಟೆ ಮೇಲೆ ನಿಂತು ಉಚ್ಚೆ ಹೊಯ್ಯುತ್ತಿದ್ದಾನೆ, ಕೆಳಗೆ ಕಾರ್ನ್‌ವಾಲಿಸ್ ತಪ್ಪಿಸಿಕೊಂಡು ಓಡುತ್ತಿದ್ದಾನೆ. ಮುಂಗಾರು ಅಂದರೆ ಅದು! ಯುದ್ಧ ಇನ್ನೂ ನಡೆಯುತ್ತಿತ್ತು ಅನ್ನೋದು ನೆನಪಿರಲಿ. ಅದೇ ಡಿಸೆಂಬರ್ 29ಕ್ಕೆ ನಮ್ಮ ಶಿವಮೊಗ್ಗದ ಹತ್ತಿರವೇ, ತುಂಗೆಯ ದಡದಲ್ಲಿ, ಮರಾಠರೂ ಈಸ್ಟ್ ಇಂಡಿಯಾ ಕಂಪನಿಯ ಸೈನಿಕರೂ ಸೇರಿ ಟಿಪ್ಪುವಿನ ಪಡೆಯ ಮೇಲೆ ಬಿದ್ದರು. ಜನವರಿ ಮೂರಕ್ಕೆ ಶಿವಮೊಗ್ಗದ ಕೋಟೆ ಟಿಪ್ಪುವಿನ ಕೈಬಿಟ್ಟುಹೋಯಿತು. ತಮ್ಮ ಸೈನಿಕರು ಇಲ್ಲಿ ಗುಂಡು ಹಾರಿಸುತ್ತಿದ್ದ ಹೊತ್ತಿಗೇ ಲಂಡನ್ನಿನ ಜನ ತಮ್ಮದೇ ಸೇನಾಪತಿಯ ಈ ಚಿತ್ರ ನೋಡಿ ನಗುತ್ತಿದ್ದರು. ಶಿವಮೊಗ್ಗದ ಕೋಟೆ ರಸ್ತೆಯಲ್ಲಿ ಹೋಗುವಾಗೆಲ್ಲ ನನಗೆ ಇದು ನೆನಪಾಗುತ್ತದೆ.

ಇದು ಪೆನ್ನಿನಲ್ಲಿ ಗೀಚಿದಷ್ಟು ಸುಲಭ ಅಲ್ಲ. ಗಿಲ್ರೇ ತಾಮ್ರದ ಮೇಲೆ ಮಾಡುತ್ತಿದ್ದ, ನಾನು ಜಿಂಕ್ ತಗಡಿನ ಮೇಲೆ. ತಗಡಿಗೆ ಮೇಣ ಬಳಿದು ಸೂಜಿಯಲ್ಲಿ ಗೀರಬೇಕು, ಆಮೇಲೆ ನೀರು ಬೆರೆಸಿದ ಆ್ಯಸಿಡ್‌ನಲ್ಲಿ ಮುಳುಗಿಸಬೇಕು. ಗೀರಿದ ಕಡೆ ಮಾತ್ರ ಆ್ಯಸಿಡ್ ತಿನ್ನುತ್ತದೆ. ಗೆರೆಯ ಉದ್ದಕ್ಕೂ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಅವನ್ನು ಕೋಳಿ ಪುಕ್ಕದಿಂದ ಮೆಲ್ಲಗೆ ಸವರಿ ತೆಗೆಯುತ್ತಾ ಕೂರಬೇಕು, ಇಲ್ಲದಿದ್ದರೆ ಗೆರೆ ಒಂದೇ ಸಮ ಆಳ ಆಗುವುದಿಲ್ಲ. ಎಲ್ಲ ತಿರುಗುಮುರುಗು, ಅಕ್ಷರವನ್ನೂ ಉಲ್ಟಾ ಬರೆಯಬೇಕು. ಆಮೇಲೆ ಶಾಯಿ ತುಂಬಿ, ಮೇಲಿಂದ ಒರೆಸಿ, ನೆನೆಸಿದ ಕಾಗದ ಇಟ್ಟು ಪ್ರೆಸ್‌ನಲ್ಲಿ ಎಳೆಯಬೇಕು. ನಾನು ಮಾಡಿದ್ದು ಆರಿದ್ರಾ ಮಳೆಯಲ್ಲಿ. ಕಾಗದ ನೆನೆಸುವ ಕೆಲಸವೇ ಅರ್ಧ ಕಡಿಮೆ. ಆದರೆ ಒಣಗಲು ಎಂಟು ದಿನ, ಒಲೆಯ ಮೇಲಿನ ಅಟ್ಟದಲ್ಲಿ ಹರಡಿ ಕಾಯಬೇಕಾಯಿತು. ಅಷ್ಟು ಹೊತ್ತು ಆ ಯಜಮಾನನ ಬಾಯಿಯನ್ನೇ ನೋಡುತ್ತಾ ಇದ್ದೆ ನೋಡಿ, ಸುಮ್ನೆ ಸಿಟ್ಟಿನಲ್ಲಿ ಬರೆದಿದ್ದರೆ ಆಗಲೇ ಹರಿದು ಹಾಕುತ್ತಿದ್ದೆ.

ಗಿಲ್ರೇ ಬಗ್ಗೆ ಬೇಸರದ ವಿಷಯವೂ ಇದೆ. 1797ರಿಂದ ಅವನಿಗೆ ಸರ್ಕಾರದಿಂದ ಗುಟ್ಟಾಗಿ ಪಿಂಚಣಿ ಬರುತ್ತಿತ್ತು. ಆಮೇಲಿನ ಅವನ ಚಿತ್ರಗಳಲ್ಲಿ ಏಟು ಜಾಸ್ತಿ ಬಿದ್ದದ್ದು ವಿರೋಧ ಪಕ್ಷದವರಿಗೆ, ಫ್ರೆಂಚರಿಗೆ. ಕೈಚಳಕ ಒಂಚೂರೂ ಕಡಿಮೆ ಆಗಲಿಲ್ಲ. 1805ರಲ್ಲಿ ಇಂಗ್ಲೆಂಡಿನ ಪ್ರಧಾನಿ ಪಿಟ್, ನೆಪೋಲಿಯನ್ ಇಬ್ಬರೂ ಭೂಮಿಯನ್ನು ಕಡುಬಿನ ಹಾಗೆ ಕೊಯ್ದುಕೊಳ್ಳುವ ಚಿತ್ರ ಮಾಡಿದ, ಅದರಲ್ಲಿ ತನ್ನ ಪ್ರಧಾನಿಯನ್ನೂ ಬಿಡಲಿಲ್ಲ, ನಿಜ. ಆದರೂ ಕಾರ್ನ್‌ವಾಲಿಸ್ ಚಿತ್ರದ ಆ ಧೈರ್ಯ ನನಗೆ ಬೇರೆಯೇ ಅನ್ನಿಸುತ್ತದೆ. ಆಗ ಅವನು ಯಾರ ಋಣದಲ್ಲೂ ಇರಲಿಲ್ಲ ಅಲ್ವಾ.

ದೊಡ್ಡಪ್ಪ, ಬೇರೆಯವರ ಜಗಲಿ ನನಗೆ ಗೊತ್ತಿಲ್ಲ. ನಮ್ಮ ಜಗಲಿ ಗೊತ್ತು. ಅಡಿಕೆ ಧಾರಣೆ ಏರಿದ ವರ್ಷ ಅಲ್ಲಿ ಕೂತು ಏನು ಮಾತಾಡುತ್ತೇವೆ, ಕೂಲಿ ಏರಿಸಿ ಅಂದಾಗ ಏನು ಹೇಳುತ್ತೇವೆ, ಎರಡನ್ನೂ ಚಿಕ್ಕಂದಿನಿಂದ ಕೇಳಿದ್ದೇನೆ. ಅದಕ್ಕೇ ಆ ಕಂಬ ಬರೆದೆ.

ತಗಡು ಇನ್ನೂ ಸವೆದಿಲ್ಲ. ಮಳೆ ನಿಂತ ಮೇಲೆ ಇನ್ನೂ ಹತ್ತು ಪ್ರತಿ ತೆಗೆಯುತ್ತೇನೆ. ಅಡಿಕೆ ಗೊನೆ ಕೊಯ್ಲಿಗೆ ಊರಿಗೆ ಹೋದಾಗ ಸುಲಿಯಲು ಬರುವವರಿಗೆಲ್ಲ ಒಂದೊಂದು ಕೊಡಬೇಕು. ನಿಮ್ಮ ಕೈಯಲ್ಲಿದ್ದ ಪ್ರತಿ ನಿಮ್ಮ ಹತ್ತಿರವೇ ಇರಲಿ.