ಚಟ್ನಿ ಡಬ್ಬಿಯ ಹೆಸರುಚೀಟಿ: ಫಾಂಟ್ ಜೋಡಿಯ ಕೆಲಸ ಎಲ್ಲಿಗೆ ಬಂತು

ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ವೈನಿಯವರು (ಅತ್ತಿಗೆ) ಮಾಡಿ ಮಾರುವ ಚಟ್ನಿಪುಡಿಗಳಿಗೆ ವಿನೈಲ್ (ಹಿಂಬದಿಗೆ ಅಂಟಿರುವ ತೆಳು ಪ್ಲಾಸ್ಟಿಕ್ ಹಾಳೆ) ಹೆಸರುಚೀಟಿಗಳನ್ನು ಯಂತ್ರದಲ್ಲಿ ಕತ್ತರಿಸುವ ಕೆಲಸ ಈಗ ಒಂದು ಹದಕ್ಕೆ ಬಂದಿದೆ. ಶೇಂಗಾ, ಅಗಸೆ, ಪುಟಾಣಿ, ಗುರೆಳ್ಳು ಎಂದು ನಾಲ್ಕು ಬಗೆ. ಹೆಸರು ದೊಡ್ಡದಾಗಿ, ಎದ್ದು ಕಾಣುವ ಫಾಂಟ್‌ನಲ್ಲಿ ಇರಬೇಕು. ಕೆಳಗೆ ‘ಚಟ್ನಿ’ ಎಂಬುದು ಚಿಕ್ಕದಾಗಿ ಇನ್ನೊಂದು ಫಾಂಟ್‌ನಲ್ಲಿ. ವೈನಿಯವರ ಬೇಡಿಕೆ ಒಂದೇ: “ಮೇಜಿನ ಆಚೆ ನಿಂತವರಿಗೂ ಯಾವ ಚಟ್ನಿ ಎಂದು ಗೊತ್ತಾಗಬೇಕು.”

ಕುಣಿಯುವ ಫಾಂಟ್ ಒಂದು, ಅದರ ಜೊತೆಗೆ ಸುಮ್ಮನಿರುವ ಫಾಂಟ್ ಒಂದು ಎಂಬ ಸೂತ್ರವನ್ನು ಎಲ್ಲರೂ ಹೇಳುತ್ತಾರೆ. ಕನ್ನಡಕ್ಕೂ ಅದು ಸರಿಯೇ. ಆದರೆ ಕತ್ತರಿಸುವ ಯಂತ್ರಕ್ಕೆ ಬಂದಾಗ ಜೋಡಿಯನ್ನು ನಿರ್ಧರಿಸಬೇಕಾದದ್ದು ಒತ್ತಕ್ಷರ ಎಂಬುದು ನನಗೆ ಖಾತ್ರಿಯಾಗಿದೆ. ಆದ್ದರಿಂದ ಪ್ರತಿ ಫಾಂಟನ್ನೂ ಮೊದಲು ‘ಗುರೆಳ್ಳು’ ಬರೆದು ಪರೀಕ್ಷಿಸುತ್ತೇನೆ. ಅದರಲ್ಲಿ ಗೆದ್ದ ಫಾಂಟ್‌ಗೆ ಉಳಿದ ಮೂರು ಹೆಸರುಗಳು ಸುಲಭ.

ಅಕಾಯಾ ಕನಡಕ ತುಂಬ ಚೆಲುವಾದ ಫಾಂಟ್. ಗೆರೆ ದಪ್ಪ ತೆಳುವಾಗುತ್ತ ಲವಲವಿಕೆಯಿಂದ ಓಡುತ್ತದೆ. ‘ಅಗಸೆ’ಗೆ ಅದು ಹೇಳಿ ಮಾಡಿಸಿದಂತಿತ್ತು. ‘ಗುರೆಳ್ಳು’ ಕತ್ತರಿಸಿ ಬೇಡದ ವಿನೈಲ್ ಕೀಳುವಾಗ ಮಾತ್ರ ಕೆಳಗಿನ ಒತ್ತಿನ ತೆಳು ಭಾಗ ಚಿಮಟದ ಜೊತೆಗೇ ಎದ್ದು ಬಂತು. ಬಲೂ ತಮ್ಮ 2 ಹಾಗಲ್ಲ. ದುಂಡಗೆ, ತುಂಬಿಕೊಂಡಂತೆ ಇರುವ ಅದರ ಒತ್ತುಗಳಿಗೆ ಅಂಟಿ ಕುಳಿತುಕೊಳ್ಳುವಷ್ಟು ಮೈ ಇದೆ. ಇದರಲ್ಲಿ 400ರಿಂದ 800ರವರೆಗೆ ದಪ್ಪಗಳಿವೆ (ಅಂಕಿ ಹೆಚ್ಚಾದಷ್ಟೂ ಗೆರೆ ದಪ್ಪ). ಅತಿ ದಪ್ಪದ್ದೇ ಎದ್ದು ಕಾಣುತ್ತದೆ ಎನ್ನಿಸುತ್ತದೆ, ಆದರೆ ‘ಶೇಂಗಾ’ದ ಸೊನ್ನೆಯನ್ನು ನೋಡಿ: ಗೆರೆ ದಪ್ಪವಾದಷ್ಟೂ ಒಳಗಿನ ತೂತು ಚಿಕ್ಕದಾಗುತ್ತದೆ. ಆ ಪುಟ್ಟ ಚುಕ್ಕೆಯನ್ನು ಸೂಜಿಯ ಮೊನೆಯಿಂದ ಎತ್ತಿ ತೆಗೆಯಬೇಕು. 600ಕ್ಕೆ ಇಳಿಸಿದ ಮೇಲೆ ತೂತು ತೆರೆದುಕೊಂಡಿತು, ದೂರದ ಓದಿಗೂ ಕುಂದು ಬರಲಿಲ್ಲ.

ಜೊತೆಗೆ ಅನೇಕ್ ಕನ್ನಡ. ಇದರ ದಪ್ಪವನ್ನೂ ಅಗಲವನ್ನೂ ಬೇಕಾದಂತೆ ಹೊಂದಿಸಬಹುದು, ಚಿಕ್ಕ ಸಾಲಿಗೆ ಅದೇ ದೊಡ್ಡ ಅನುಕೂಲ. ‘ಚಟ್ನಿ’ಯಲ್ಲಿಯೂ ನ ಒತ್ತು ಇದೆ, ಅದರ ಬಾಲ ಸವೆಯದಂತೆ ಸ್ವಲ್ಪ ಅಗಲದ, ಅರೆದಪ್ಪದ ರೂಪ ಆರಿಸಿಕೊಂಡೆ. ಈ ಫಾಂಟ್‌ಗಳೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ಮುಕ್ತ ಪರವಾನಗಿ ಇರುವುದರಿಂದ ಮಾರುವ ಸರಕಿನ ಮೇಲೂ ಧೈರ್ಯವಾಗಿ ಬಳಸಬಹುದು.

ಯಂತ್ರದ ತಂತ್ರಾಂಶದಲ್ಲಿ ನಾನು ನೇರವಾಗಿ ಕನ್ನಡ ಟೈಪ್ ಮಾಡುವುದಿಲ್ಲ. ಚಿತ್ರ ಬಿಡಿಸುವ ತಂತ್ರಾಂಶವಾದ ಇಂಕ್‌ಸ್ಕೇಪ್‌ನಲ್ಲಿ ಯೂನಿಕೋಡ್ ಅಕ್ಷರಗಳು ಒತ್ತಿನ ಸಮೇತ ಸರಿಯಾಗಿ ಕೂಡುತ್ತವೆ. ಅಲ್ಲಿ ಬರೆದು, ‘ಆಬ್ಜೆಕ್ಟ್ ಟು ಪಾತ್’ ಕೊಟ್ಟು ಅಕ್ಷರಗಳನ್ನು ಬರೀ ಗೆರೆಗಳಾಗಿಸಿ, ಗುಂಪು ಬಿಡಿಸಿ, ಕೊನೆಗೆ ‘ಯೂನಿಯನ್’ ಕೊಟ್ಟು ಎಲ್ಲವನ್ನೂ ಒಂದೇ ಆಕಾರವಾಗಿ ಬೆಸೆಯುತ್ತೇನೆ. ಈ ಕೊನೆಯ ಹೆಜ್ಜೆಯನ್ನು ಬಿಡುವಂತಿಲ್ಲ. ಬಿಟ್ಟರೆ ಅಕ್ಷರ, ಕೊಂಬು, ಒತ್ತು ಒಂದರ ಮೇಲೊಂದು ಹಾದ ಕಡೆಯಲ್ಲೆಲ್ಲ ಬ್ಲೇಡು ಎರಡೂ ಗೆರೆಗಳನ್ನು ಕೊಯ್ಯುತ್ತದೆ, ಅಕ್ಷರ ತುಂಡಾಗುತ್ತದೆ.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಎರಡು ಸಾಲುಗಳ ನಡುವಿನ ಜಾಗ. ‘ಗುರೆಳ್ಳು’ವಿನ ಒತ್ತು ಬಲತುದಿಯಲ್ಲಿ ಕೆಳಗಿಳಿಯುತ್ತದೆ. ಅದನ್ನು ತಪ್ಪಿಸಲು ‘ಚಟ್ನಿ’ಯನ್ನು ಪೂರ್ತಿ ಕೆಳಕ್ಕೆ ತಳ್ಳಿದರೆ ನಡುವೆ ಬಯಲು ಬಿದ್ದಂತಾಗುತ್ತದೆ. ಅದರ ಬದಲು ‘ಗುರೆ’ಯ ಕೆಳಗೆ ಎಡಕ್ಕೆ ಸರಿಸಿದೆ. ಈಗ ಒತ್ತು ಮತ್ತು ‘ಚಟ್ನಿ’ ಒಂದೇ ಮಟ್ಟದಲ್ಲಿ ಅಕ್ಕಪಕ್ಕ ಕುಳಿತಿವೆ, ಫಾಂಟ್ ಎರಡಾದರೂ ಚೀಟಿ ಒಂದೇ ಆಗಿದೆ. ನಾಲ್ಕೂ ಚೀಟಿ ಒಂದೇ ಮನೆಯವೆಂದು ಕಾಣಲಿ ಎಂದು ಉಳಿದ ಮೂರರಲ್ಲಿಯೂ ‘ಚಟ್ನಿ’ಯನ್ನು ಎಡಕ್ಕೇ ಇಟ್ಟಿದ್ದೇನೆ. ಅಂಚಿಗೆ ಇಳಕಲ್ ಸೀರೆಯ ಸೆರಗಿನ ಹಣಿಗೆ (ಬಾಚಣಿಗೆ) ವಿನ್ಯಾಸ ನೆನಪಿಸುವ ಹಲ್ಲುಗಳು. ನೇರ ಗೆರೆಗಳಾದ್ದರಿಂದ ಬ್ಲೇಡಿಗೆ ಅವು ಏನೂ ತೊಂದರೆ ಕೊಡುವುದಿಲ್ಲ.

ಹುಬ್ಬಳ್ಳಿ ಎಂಬ ಫಾಂಟನ್ನೂ ನೋಡಿದೆ. ಉದ್ದಕ್ಕೂ ಒಂದೇ ದಪ್ಪದ ಸರಳ ಗೆರೆ, ಬಹಳ ಇಷ್ಟವಾಯಿತು. ಡಬ್ಬಿಯ ಅಳತೆಗೆ ಆ ಗೆರೆ ತೆಳು. ಮನೆಯ ನಾಮಫಲಕದಂತಹ ದೊಡ್ಡ ಕೆಲಸಕ್ಕೆ ತೆಗೆದಿರಿಸಿದ್ದೇನೆ. ಅಲ್ಲಿ ಅದರ ಪಕ್ಕಕ್ಕೆ ನೋಟೋ ಸೆರಿಫ್ ಕನ್ನಡದ ದಪ್ಪ ರೂಪ ಹಾಕಿ ನೋಡಬೇಕು.

ಮುಂದಿನದು ಪಂಚಮಿ ಉಂಡಿಗಳ ಪೆಟ್ಟಿಗೆ. ಪೆಟ್ಟಿಗೆಯ ಮೇಲೆ ದಪ್ಪ ಕಾಗದದಲ್ಲಿ ಕತ್ತರಿಸಿದ ‘ಎಳ್ಳುಂಡಿ’ ನಿಲ್ಲಬೇಕು, ಅಂದರೆ ಒತ್ತು, ಸೊನ್ನೆ ಎಲ್ಲವೂ ಒಂದಕ್ಕೊಂದು ಅಂಟಿಕೊಂಡೇ ಇರಬೇಕು. ಬಲೂ ತಮ್ಮದ ಅಕ್ಷರಗಳನ್ನು ಹತ್ತಿರ ತಂದು, ಕೆಳಗೆ ಒಂದು ಪಟ್ಟಿ ಎಳೆದು ಯೂನಿಯನ್ ಮಾಡಿದ ಕಡತ ಸಿದ್ಧವಾಗಿದೆ. ಕಾಗದ ತರುವುದು ಬಾಕಿ.